ಎತ್ತಿನದಲ್ಲ ಎಂದು ಆಣೆಯಿಟ್ಟ ನಾಲಬಂದ

ಉಸ್ಮಾನಸಾಬನ ಊರು ಹಿರೇವಡ್ಡಟ್ಟಿಯಿಂದ ಆಚೆ, ಹೊಳೆಯ ಕಡೆಗೆ ಇಳಿಯುವ ದಾರಿಯಲ್ಲಿದೆ. ಊರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಬರೆದರೆ ಪಕ್ಕದ ಊರಿನವರು ಓದಿ, ನಮ್ಮಲ್ಲಿ ಹಂಗೇನೂ ಇಲ್ಲಪ್ಪ ಎಂದು ಮೀಸೆ ತೀಡಿಕೊಳ್ಳುತ್ತಾರೆ. ಆ ಸುಖವನ್ನು ಯಾರಿಗೂ ಕೊಡುವ ಮನಸ್ಸು ನನಗಿಲ್ಲ.

ಉಸ್ಮಾನಸಾಬ ನಾಲಬಂದ. ಎತ್ತುಗಳ ಗೊರಸಿಗೆ ಕಬ್ಬಿಣದ ನಾಲು ಬಡಿಯುವವನು. ಅವನ ಅಪ್ಪ ಲಕ್ಷ್ಮೇಶ್ವರದಿಂದ ಹೆಗಲಿಗೊಂದು ಚೀಲ ಹಾಕಿಕೊಂಡು ಈ ಊರಿಗೆ ಬಂದವನು. ಎರೆಹೊಲದ ಊರು, ಮನೆಗೊಂದು ಜೋಡಿ ಎತ್ತು, ಕೆಲಸಕ್ಕೆ ಬರವಿಲ್ಲ ಎಂದು ಇಲ್ಲೇ ನಿಂತ. ಮಗ ಅಪ್ಪನ ಹಗ್ಗವನ್ನೇ ಹಿಡಿದ. ಎತ್ತಿನ ಹೊಟ್ಟೆಯ ಸುತ್ತ ಹಗ್ಗ ತಂದು ಕಾಲಿಗೆ ಸುತ್ತಿ ಒಂದು ಸಲ ಜಗ್ಗಿದರೆ ಎಂಥ ಪುಂಡ ಎತ್ತೂ ಅವನ ಅಂಗಳದಲ್ಲಿ ನಿಧಾನಕ್ಕೆ ಮಗ್ಗುಲಾಗಿ ಮಲಗುತ್ತದೆ. ನಾಲ್ಕೂ ಕಾಲು ಕೂಡಿಸಿ ಕಟ್ಟಿ, ಬೆಳೆದ ಗೊರಸನ್ನು ಕೆತ್ತಿ, ಸೀಳು ಗೊರಸಿನ ಎರಡೂ ಹೋಳಿಗೆ ಒಂದೊಂದು ನಾಲು ಇಟ್ಟು ಮೊಳೆ ಹೊಡೆಯುತ್ತಾನೆ. ಮೊಳೆ ಒಂದು ಕೂದಲೆಳೆ ಒಳಗೆ ಸರಿದರೆ ಎತ್ತು ಕುಂಟುತ್ತದೆ. ಕುಂಟಿದರೆ ಬಿತ್ತಿಗೆ, ಅಂದರೆ ಬಿತ್ತನೆಯೇ, ನಿಲ್ಲುತ್ತದೆ. ಆದ್ದರಿಂದ ಅವರ ಮನೆತನದಲ್ಲಿ ಒಂದು ಕಟ್ಟು ಇದೆ: ಎತ್ತಿನ ಒಡೆಯನೇ ಬಂದು ಕೊಂಬು ಹಿಡಿಯಬೇಕು. ಆಳು ಹಿಡಿದರೆ ನಡೆಯದು, ಅಳಿಯ ಹಿಡಿದರೂ ನಡೆಯದು. ಏನು ಮಾಡಿದರೂ ಒಡೆಯನ ಕಣ್ಣೆದುರೇ ಆಗಲಿ ಎಂಬುದು ಅವನಪ್ಪ ಹಾಕಿಕೊಟ್ಟ ದಾರಿ.

ಊರಿನ ಗಂಡಸರೆಲ್ಲ ಹೀಗೆ ಉಸ್ಮಾನಸಾಬನ ಅಂಗಳದಲ್ಲಿ ಮೊಣಕಾಲೂರಿ, ಎತ್ತಿನ ಕೊಂಬು ಹಿಡಿದು, ಅವನ ಕೈಯನ್ನು ಹತ್ತಿರದಿಂದ ನೋಡಿದವರು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ಆದದ್ದು ಗುರುತಿಲ್ಲದವರ ನಡುವೆ ಆದದ್ದಲ್ಲ.

ಟ್ರ್ಯಾಕ್ಟರು ಬಂದ ಮೇಲೆ ಎತ್ತು ಕಡಿಮೆಯಾದವು. ಆದರೂ ಬೀಜ ಬಿತ್ತುವ ಕೂರಿಗೆಗೆ, ಬೆಳೆಸಾಲಿನ ನಡುವೆ ಎಡೆ ಹೊಡೆಯಲು ಎತ್ತೇ ಬೇಕು ಎನ್ನುವವರು ಉಳಿದಿದ್ದಾರೆ. ಹೊಲದ ದಾರಿಗೂ ಡಾಂಬರು ಬಿದ್ದಿರುವುದರಿಂದ ನಾಲು ಸವೆಯುವುದು ಮೊದಲಿಗಿಂತ ಹೆಚ್ಚು. ಹಿಂಗಾರಿ ಬಿತ್ತಿಗೆಗೆ ಮುಂಚಿನ ದಿನಗಳಲ್ಲಿ ಅವನಿಗೆ ಉಸಿರಾಡಲು ಬಿಡುವಿರುವುದಿಲ್ಲ. ವರ್ಷದ ಗಂಜಿ ಆ ದಿನಗಳಲ್ಲೇ ಹುಟ್ಟಬೇಕು.

ಹೋದ ವರ್ಷ ಮಳೆ ಜೋರಾಗಿ ಅವನ ಅಂಗಳವೆಲ್ಲ ಕೆಸರಾಯಿತು. ಎರೆಮಣ್ಣಿನ ಕೆಸರಿನಲ್ಲಿ ಎತ್ತು ಕೆಡವಿದರೆ ಜಾರಿ ಕಾಲು ಮುರಿಯುತ್ತದೆ. ಅಂಗಳಕ್ಕೆ ಗರಸು, ಅಂದರೆ ಹರಳುಮಣ್ಣು, ಹಾಸೋಣವೆಂದು ಅವನು ಹಳ್ಳದ ದಂಡೆಗೆ ಸಲಿಕೆ ಹಿಡಿದು ಹೋದ. ನೀರು ದಂಡೆಯನ್ನು ಕೊಯ್ದಿತ್ತು. ಮೇಲೆ ಎರಡಾಳು ಎರೆ, ಅದರ ಕೆಳಗೆ ಸುಣ್ಣಗಲ್ಲು ಕೂಡಿಕೊಂಡ ಗರಸು. ಆ ಗರಸಿನಲ್ಲಿ ಸಲಿಕೆಗೆ ತಾಗಿದ್ದು ಒಂದು ದವಡೆ. ದವಡೆಯಲ್ಲಿ ಹಲ್ಲು ಸಾಲಾಗಿ ಕೂತಿದ್ದವು. ಅದರ ಕೆಳಗೆ ಕಾಲಿನ ಎಲುಬು, ಒಂದು ಕೊಂಬಿನ ಬುಡ. ಎಲ್ಲವೂ ಕಲ್ಲಿನಷ್ಟು ಭಾರ, ಬಡಿದರೆ ಕಲ್ಲಿನದೇ ಸಪ್ಪಳ.

ಮೊದಲು ಯಾರೋ ಕೆತ್ತಿದ ಕಲ್ಲು ಎಂದುಕೊಂಡನಂತೆ. ಆಮೇಲೆ ಗೊರಸಿನ ಒಳಗಿರುವ ಎಲುಬು ಸಿಕ್ಕಿತು. ಅದು ಅವನ ಅಂಗೈಯನ್ನು ಮೀರಿ ನಿಂತಿತು. ಅಷ್ಟು ದೊಡ್ಡ ಕಾಲನ್ನು ಅವನು ಹುಟ್ಟಿನಿಂದ ಕಂಡಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಎಸೆದು ಬರುತ್ತಿದ್ದರು. ಇವನು ನಾಲಬಂದ. ಈ ಕಾಲಿಗೆ ಎಂಥ ನಾಲು ಕೂತೀತು ಎಂಬುದು ತಲೆಗೆ ಹೊಕ್ಕಿತು. ಸಿಮೆಂಟಿನ ಚೀಲದಲ್ಲಿ ತುಂಬಿ, ಸೈಕಲ್ಲಿಗೆ ಹೇರಿ ತಂದ. ಅಂಗಳದ ಮೂಲೆಯಲ್ಲಿ ಗುಡ್ಡೆ ಹಾಕಿ ತಾಡಪತ್ರಿ ಮುಚ್ಚಿದ. ಲಾರಿಯ ಮುರಿದ ಸ್ಪ್ರಿಂಗಿನ ಪಾಟಾ ತನ್ನ ಕುಲುಮೆಯಲ್ಲಿ ಕಾಸಿ, ಬಡಿದು, ಈ ಲೋಕದ ಯಾವ ಎತ್ತಿಗೂ ಆಗದಂಥ ಒಂದು ನಾಲು ಮಾಡಿ ನೋಡಿದ. ಹೆಂಡತಿ ಮೋತಿಬಿ, ನಿಮಗೇನು ಹುಚ್ಚೇ ಎಂದು ಕೇಳಿದ್ದಕ್ಕೆ ನಕ್ಕ.

ಹೊರಗೆ ಯಾರಿಗೂ ಹೇಳಲಿಲ್ಲ. ನಮ್ಮ ಕಡೆ ಒಬ್ಬ ಮನುಷ್ಯ ಹಳ್ಳದಲ್ಲಿ ಅಗೆದು ಏನೋ ತಂದ ಎಂದರೆ ಸಂಜೆಯೊಳಗೆ ಅದು ಬಂಗಾರದ ಕೊಡವಾಗುತ್ತದೆ. ಆ ಭಯಕ್ಕೆ ಮುಚ್ಚಿಟ್ಟ. ಮುಚ್ಚಿಟ್ಟದ್ದೇ ಅವನಿಗೆ ಉರುಳಾಯಿತು.

ಗಾಳೆಪ್ಪ ಎಂಬ ರೈತ ಒಂದು ಮಧ್ಯಾಹ್ನ ತನ್ನ ಎಡಗಡೆಯ ಎತ್ತಿಗೆ ನಾಲು ಬಡಿಸಲು ಬಂದ. ಇಬ್ಬರೂ ಒಂದೇ ವಾರಿಗೆಯವರು, ಲೇ ಎನ್ನುವ ಸಲಿಗೆಯವರು. ಗಾಳಿಗೆ ತಾಡಪತ್ರಿಯ ಮೂಲೆ ಎದ್ದಿತು. ದವಡೆ ಕಂಡಿತು. ಅದೇನೆಂದು ಗಾಳೆಪ್ಪ ಕೇಳಿದ. ಉಸ್ಮಾನಸಾಬ ಗಡಿಬಿಡಿಯಲ್ಲಿ ಕಲ್ಲು ಎಂದ.

“ಕಲ್ಲಿಗೆ ಹಲ್ಲ ಇರ್ತಾವೇನ್ಲೇ?” ಎಂದ ಗಾಳೆಪ್ಪ.

ಎತ್ತನ್ನು ಬಿಚ್ಚಿಕೊಂಡು, ನಾಲು ಬಡಿಸದೆಯೇ ಹೋದ.

ಆಮೇಲಿನದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ನಿಮಗೂ ಗೊತ್ತು, ನನಗೂ ಗೊತ್ತು. ಸಾಬರ ಅಂಗಳದಲ್ಲಿ ಎಲುಬಿನ ಗುಡ್ಡೆ ಎಂಬ ನಾಲ್ಕು ಮಾತು ಸಾಕು. ಐದನೆಯದನ್ನು ಊರು ತಾನೇ ಹುಟ್ಟಿಸುತ್ತದೆ. ಆ ಬೇಸಿಗೆಯಲ್ಲಿ ಶಂಕ್ರೆವ್ವ ಎಂಬ ಮುದುಕಿಯ ಎತ್ತು ಮೇಯಲು ಹೋದದ್ದು ಮರಳಿ ಬಂದಿರಲಿಲ್ಲ. ಆಗ ಅದನ್ನು ಹುಡುಕಲು ಒಬ್ಬನೂ ಅವಳ ಬೆನ್ನಿಗೆ ಹೋಗಿರಲಿಲ್ಲ. ಈಗ ಎಲ್ಲರಿಗೂ ಆ ಎತ್ತು ನೆನಪಾಯಿತು. ಅದರ ಬಣ್ಣ ನೆನಪಾಯಿತು, ಕೊರಳಿನ ಗಂಟೆ ನೆನಪಾಯಿತು. ತಾಡಪತ್ರಿಯ ಕೆಳಗಿರುವುದು ಅದೇ ಎಂದು ಯಾರೂ ಗಟ್ಟಿಯಾಗಿ ಅನ್ನಲಿಲ್ಲ. ಅನ್ನದೆಯೇ ಎಲ್ಲರೂ ಒಪ್ಪಿದರು.

ಬಿತ್ತಿಗೆ ಹತ್ತಿರ ಬಂದಿತ್ತು. ಅಂಗಳಕ್ಕೆ ಹೊಸ ಗರಸು ಬಿದ್ದಿತ್ತು. ಎತ್ತು ಮಾತ್ರ ಬರಲಿಲ್ಲ. ಒಬ್ಬ ಮುಂಡರಗಿಗೆ ಹೊಡೆದುಕೊಂಡು ಹೋದ, ಇನ್ನೊಬ್ಬ ಬೆಳ್ಳಟ್ಟಿಯ ಬೀಗರ ಊರಲ್ಲಿ ಬಡಿಸುತ್ತೇನೆ ಎಂದ. ನಳದ ಹತ್ತಿರ ಮೋತಿಬಿ ಕೊಡ ಇಟ್ಟರೆ ಪಕ್ಕದ ಕೊಡಗಳು ಸ್ವಲ್ಪ ಸರಿಯುತ್ತಿದ್ದವು. ಅವಳು ಇದನ್ನು ಗಂಡನಿಗೆ ಹೇಳಲಿಲ್ಲ. ನನಗೆ ಹೇಳಿದಳು, ಅದೂ ಎಲ್ಲ ಮುಗಿದ ಮೇಲೆ.

ಊರಿನ ಹಿರಿಯ ಕೊಟ್ರಪ್ಪ ಅವನನ್ನು ಕಟ್ಟೆಗೆ ಕರೆಸಿದ. ಕೊಟ್ರಪ್ಪನ ಮಾತು ಬಹಳ ಮೆತ್ತಗೆ. ಹೊರಗಿನವರು ಬೇಡ, ಠಾಣೆ ಬೇಡ, ಊರಾಗಿನದು ಊರಾಗೇ ಮುಗಿಯಲಿ ಎನ್ನುವವನು. ಇಂಥ ಮೆತ್ತನೆಯ ಮಾತಿಗೆ ನಾನು ಬೀಸಿ ಬರುವ ಕಲ್ಲಿಗಿಂತ ಹೆಚ್ಚು ಹೆದರುತ್ತೇನೆ. ಎಲುಬುಗಳನ್ನು ಚೀಲದಲ್ಲಿ ತುಂಬಿ ತಂದು ಕಟ್ಟೆಯ ಮೇಲೆ ಸುರಿಸಿದರು. ದೊಡ್ಡ ನಾಲನ್ನೂ ತಂದರು. ಇದು ಯಾವ ಎತ್ತಿಗೆ ಮಾಡಿದ್ದು ಎಂದು ಗಾಳೆಪ್ಪ ಕೇಳಿದ. ಉಸ್ಮಾನಸಾಬ ಇದ್ದದ್ದು ಇದ್ದಹಾಗೆ ಹೇಳಿದ: ಹಳ್ಳದ ದಂಡೆಯಲ್ಲಿ ಸಿಕ್ಕಿತು, ಕಾಲು ನೋಡಿ ಆಸೆಯಾಯಿತು, ನಾಲು ಮಾಡಿ ನೋಡಿದೆ. ಜನ ಮುಖ ಮುಖ ನೋಡಿಕೊಂಡರು. ಸತ್ತ ಎಲುಬಿಗೆ ನಾಲು ಮಾಡುವವನನ್ನು ಯಾರು ನಂಬುತ್ತಾರೆ? ಸುಳ್ಳು ಹೇಳಿದ್ದರೆ ಬಹುಶಃ ನಂಬುತ್ತಿದ್ದರು.

ಶಂಕ್ರೆವ್ವನನ್ನು ಕರೆಸಿ ಎಲುಬು ತೋರಿಸಿದರು. ಅವಳು ದವಡೆಯನ್ನು ಎತ್ತಲು ನೋಡಿದಳು, ಆಗಲಿಲ್ಲ, ಅಲ್ಲೇ ಇಟ್ಟಳು.

“ಇದು ನಮ್ಮ ಬಸ್ಯಾ ಅಲ್ರೆಪ್ಪ” ಎಂದಳು. “ಇಷ್ಟ ದೊಡ್ಡ ಬಾಯಿಗೆ ಮೇವು ಹಾಕಾಕ ನನ್ನ ಹಂತ್ಯಾಕ ಎಲ್ಲೈತಿ? ಅವಂದು ನನ್ನ ಹಂಗ ಸಣ್ಣ ಬಾಯಿ.”

ಕೆಲವರು ನಕ್ಕರು. ಅಲ್ಲಿಗೆ ಮುಗಿಯಬೇಕಿತ್ತು. ಎತ್ತಿನ ಒಡತಿಯೇ ತನ್ನದಲ್ಲ ಎಂದ ಮೇಲೆ ಯಾರದು ತಕರಾರು? ಆದರೆ ಮುದುಕಿಗೆ ಕಣ್ಣು ಮಂಜು ಎಂದು ಒಬ್ಬ, ಮೋತಿಬಿ ಅವಳಿಗೆ ರೊಟ್ಟಿ ಕೊಡುತ್ತಾಳೆ ಎಂದು ಇನ್ನೊಬ್ಬ. ಎಲುಬು ಕಲ್ಲಾಗಿದೆಯಲ್ಲ ಎಂದು ಯಾರೋ ಅಂದಾಗ ಗಾಳೆಪ್ಪ, ಎರೆಮಣ್ಣಿನಲ್ಲಿ ಹುಗಿದರೆ ಹಂಗ ಆಕ್ಕಾವ ಎಂದು ತೀರ್ಪು ಕೊಟ್ಟ. ಅನುಮಾನಕ್ಕೆ ಎಲ್ಲ ವಿದ್ಯೆಯೂ ಬರುತ್ತದೆ.

ಆಗ ಉಸ್ಮಾನಸಾಬ ತಪ್ಪು ಮಾಡಿದ. ನನಗೆ ಗೊತ್ತಿಲ್ಲ ಎಂದಿದ್ದರೆ ಸಾಕಿತ್ತು. ಆದರೆ ಎತ್ತಿನ ಕಾಲಿನ ಬಗ್ಗೆ ಗೊತ್ತಿಲ್ಲ ಎಂಬ ಮಾತು ಅವನ ಬಾಯಲ್ಲಿ ಯಾವತ್ತೂ ಬಂದದ್ದಲ್ಲ. ಬಲಗೈಯನ್ನು ಕಟ್ಟೆಯ ಮೇಲೆ ಅಂಗಾತ ಇಟ್ಟ.

“ನಾಲ ಬಡಿಯೂ ಈ ಕೈ ಮ್ಯಾಲೆ ಆಣಿ ಮಾಡಿ ಹೇಳ್ತೀನ್ರಿ ಯಜಮಾನ್ರ. ಇದು ಎತ್ತಿಂದಲ್ಲ. ಎತ್ತಿಂದು ಅಂತ ಯಾರರ ತೋರಿಸಿಕೊಟ್ರ ಮತ್ತ ನಾ ಈ ಊರಾಗ ಹಗ್ಗ ಹಿಡಿಯೂದಿಲ್ಲ.”

ಉಸ್ಮಾನಸಾಬನನ್ನು ಮೊದಲಿನಿಂದ ಬಲ್ಲ ನನಗೆ ಈ ಖಬರು ಮುಂಡರಗಿಯ ಸಂತೆಯಲ್ಲಿ ಸಿಕ್ಕಿತು. ಗದಗಿನ ಕಾಲೇಜೊಂದರಲ್ಲಿ ಭೂವಿಜ್ಞಾನ ಕಲಿಸುವ ಮಾಯಾ ಎಂಬವರ ಪರಿಚಯ ನನಗಿತ್ತು. ಫೋನು ಮಾಡಿದೆ. ಬಸ್ಸು ಹತ್ತಿ ಬಂದರು. ಅವರು ಬಂದರೆ ಒಂದು ಮಾತಿನಲ್ಲಿ ಇತ್ಯರ್ಥವಾಗುತ್ತದೆ, ಇದು ಯಾವುದೋ ಹಳೆಯ ಕಾಲದ ಆನೆ ಎಂದುಬಿಡುತ್ತಾರೆ, ಉಸ್ಮಾನಸಾಬನ ಕೈ ಉಳಿಯುತ್ತದೆ ಎಂದುಕೊಂಡಿದ್ದೆ.

ಎಲುಬುಗಳು ಕಟ್ಟೆಯಿಂದ ಉಸ್ಮಾನಸಾಬನ ಅಂಗಳಕ್ಕೆ ಮರಳಿದ್ದವು, ಮಾಯಾ ಅಲ್ಲೇ ಕೂತು ಒಂದೊಂದನ್ನೇ ತಿರುಗಿಸಿ ನೋಡಿದರು. ದವಡೆಯ ಹಲ್ಲಿನ ಮೇಲಿನ ಗೆರೆಗಳನ್ನು ಬೆರಳಿನಿಂದ ಸವರಿದರು. ಅವರ ಮುಖದ ಮೇಲಿನ ಸಂತೋಷ ನೋಡಿ ನನಗೂ ಧೈರ್ಯ ಬಂತು. ಬೇಲಿಗುಂಟ ಊರೇ ನಿಂತಿತ್ತು.

“ಇದು ಎತ್ತು” ಎಂದರು.

ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಇದು ಕಾಡೆತ್ತು, ಮನುಷ್ಯ ನೊಗ ಹೂಡುವುದಕ್ಕಿಂತ ಬಹಳ ಹಿಂದಿನದು, ಈ ಜಾತಿಯೇ ಭೂಮಿಯ ಮೇಲೆ ಉಳಿದಿಲ್ಲ ಎಂದರು. ಭುಜಕ್ಕೆ ಆಳೆತ್ತರ ನಿಲ್ಲುತ್ತಿತ್ತು, ಕೊಂಬು ಎರಡೂ ಕೈ ಚಾಚಿದಷ್ಟು ಅಗಲ. ಇಂಥ ದಂಡೆಗಳಲ್ಲಿ ಆಗ ಇದರ ಜೊತೆಗೆ ಉದ್ದ ದಂತದ ಆನೆಗಳಿದ್ದವು, ನೀರುಗುದುರೆಗಳಿದ್ದವು. ಗೋಕಾಕದ ಕಡೆ ಹಳ್ಳದ ದಂಡೆಯಲ್ಲೇ ಖಡ್ಗಮೃಗದ ಎಲುಬು ಸಿಕ್ಕಿವೆ. ಎಷ್ಟು ವರ್ಷ ಎಂದು ಪರೀಕ್ಷೆ ಮಾಡಿಯೇ ಹೇಳಬೇಕು, ಹತ್ತಿಪ್ಪತ್ತು ಸಾವಿರಕ್ಕೆ ಕಡಿಮೆ ಇರಲಾರದು. ಇಷ್ಟೆಲ್ಲ ಹೇಳಿದರು. ಊರಿನ ಕಿವಿಗೆ ಬಿದ್ದದ್ದು ಮೊದಲಿನ ಮಾತೊಂದೇ.

ಉಸ್ಮಾನಸಾಬ ತನ್ನ ಬಲಗೈಯನ್ನು ನೋಡಿಕೊಂಡ. ಆ ಕೈಗೆ ಆದ ಅವಮಾನ ಅಲ್ಲಿ ನಿಂತವರಿಗೆ ಯಾರಿಗೂ ಅರ್ಥವಾಗುವಂಥದ್ದಲ್ಲ. ಎತ್ತಿನ ಕಾಲನ್ನು ಎತ್ತಿನದಲ್ಲ ಎಂದಿದ್ದ.

ಗಾಳೆಪ್ಪ ಬೇಲಿ ದಾಟಿ ಒಳಗೆ ಬಂದ. “ಕೇಳಿದ್ರಿಲ್ಲ? ಎತ್ತಂತ. ಆಣಿ ಮಾಡಿ ಸುಳ್ಳು ಹೇಳಿದ ಮನಿಷ್ಯಾ ಇವ.”

ಹತ್ತು ಸಾವಿರ ವರ್ಷದ ಹಿಂದಿನದು ಎಂದು ನಾನು ಅಂದೆ. ಅದನ್ನ ನೋಡಿದವರು ಯಾರು ಎಂದು ಹಿಂದಿನಿಂದ ಒಂದು ದನಿ ಬಂತು. ಈ ಅಕ್ಕೋರನ್ನು ಕರೆಸಿದವರು ಯಾರು, ಯಾಕೆ ಕರೆಸಿದರು ಎಂದು ಇನ್ನೊಂದು. ಕಲಿತ ಹೆಣ್ಣುಮಗಳೊಬ್ಬಳು ಎಲುಬಿನ ಗುಡ್ಡೆಗಾಗಿ ಗದಗಿನಿಂದ ಬಸ್ಸು ಹತ್ತಿ ಬರುತ್ತಾಳೆಂದರೆ ಅದರಲ್ಲಿ ಏನೋ ಇದೆ ಎಂಬುದು ಅವರ ಲೆಕ್ಕ. ನನ್ನನ್ನೂ ಒಬ್ಬ ಮೇಲಿನಿಂದ ಕೆಳಗೆ ಅಳೆದ.

ಪ್ರಯೋಗಾಲಯಕ್ಕೆ ಕಳಿಸುತ್ತೇನೆ, ಬರವಣಿಗೆಯಲ್ಲೇ ಉತ್ತರ ಬರುತ್ತದೆ ಎಂದು ಮಾಯಾ ಹೇಳಿದರು. ಎಷ್ಟು ದಿನ ಎಂದು ಕೊಟ್ರಪ್ಪ ಕೇಳಿದ. ಒಂದೆರಡು ತಿಂಗಳು ಎಂದರು. ಕೊಟ್ರಪ್ಪ ತನ್ನ ಮೆತ್ತನೆಯ ದನಿಯಲ್ಲಿ, ಅಲ್ಲಿಯ ತನಕ ಇವನ ಅಂಗಳಕ್ಕೆ ಯಾರೂ ಎತ್ತು ತರುವುದು ಬೇಡ, ಇವನೂ ಕಾಯಲಿ, ನಾವೂ ಕಾಯೋಣ ಎಂದ. ಎರಡು ತಿಂಗಳೆಂದರೆ ಬಿತ್ತಿಗೆ ಮುಗಿದಿರುತ್ತದೆ. ಇನ್ನೊಬ್ಬನಿಗೆ ಒಗ್ಗಿದ ಎತ್ತು ಮರಳಿ ಬರುವುದಿಲ್ಲ. ಒಮ್ಮೆ ಹೀಗೆ ಕಾಯಿಸಿದ ಮನುಷ್ಯನನ್ನು ಊರು ಮತ್ತೆ ಒಳಗೆ ಕರೆಯುವುದೂ ಇಲ್ಲ. ಇದು ಕೊಟ್ರಪ್ಪನಿಗೆ ಗೊತ್ತಿತ್ತು. ಉಸ್ಮಾನಸಾಬನಿಗೂ ಗೊತ್ತಿತ್ತು.

ಉಪಾಯ ಹುಡುಕಿದವನು ಗಾಳೆಪ್ಪನೇ. ದನಕ್ಕೆ ಬರೆ ಎಳೆದಾಗ, ಕೊಂಬು ಕಾಸಿದಾಗ ಏಳುವ ವಾಸನೆ ಊರಿಗೆಲ್ಲ ಗೊತ್ತು. ಎಲುಬು ಬೆಂಕಿಗೆ ಬಿದ್ದರೆ ಅದೇ ವಾಸನೆ. ಕಲ್ಲಾಗಿದ್ದರೆ ಏನೂ ಬಾರದು. ಇವನ ಮನೆಯಲ್ಲೇ ಕುಲುಮೆ ಇದೆ, ತಡ ಯಾಕೆ?

ಮಾಯಾ ಎದ್ದು ನಿಂತರು. ಸುಟ್ಟರೆ ಎಲ್ಲ ಹೋಯಿತು, ಇಂಥದ್ದು ಮತ್ತೆ ಸಿಗುವುದಿಲ್ಲ ಎಂದು ಕೈಮುಗಿಯುವ ಹಾಗೆ ಕೇಳಿಕೊಂಡರು. ಹಾಗಾದರೆ ಒಂದು ಚೂರು ಸುಡಲಿ ಎಂದೆ ನಾನು. ಗಾಳೆಪ್ಪ ಅದಕ್ಕೂ ಒಪ್ಪಲಿಲ್ಲ. ಚೂರಿನಲ್ಲಿ ಮೋಸವಿರುತ್ತದಂತೆ, ಕಲ್ಲಿನ ತುಂಡು ಬೆರೆಸಿರಬಹುದಂತೆ. ಕಾಲಿನ ಎಲುಬು ಎಂದು ಎಲ್ಲರಿಗೂ ಕಣ್ಣಿಗೆ ಕಾಣುವಂಥದ್ದನ್ನೇ ಹಾಕಬೇಕು.

ಮಾಯಾ ಉಸ್ಮಾನಸಾಬನ ಕಡೆ ತಿರುಗಿದರು. ಅವನು ಅವರ ಮುಖ ನೋಡಲಿಲ್ಲ.

“ಅಕ್ಕೋರ, ನಿಮ್ಮದು ಸಾವಿರ ವರ್ಷದ ಮಾತು. ನಂದು ನಾಳಿಂದು” ಎಂದ.

ಗುಡ್ಡೆಯಿಂದ ಅವನು ಆರಿಸಿದ್ದು ಗೊರಸಿನ ಆ ದೊಡ್ಡ ಎಲುಬನ್ನೇ. ಇಕ್ಕಳದಲ್ಲಿ ಹಿಡಿದು ಕೆಂಡದ ನಡುವೆ ಇಟ್ಟು ತಿದಿ ಒತ್ತತೊಡಗಿದ. ಊರಿನ ಗಂಡಸರು ಕುಲುಮೆಯ ಸುತ್ತ ಮೂಗು ಮುಂದೆ ಮಾಡಿ ನಿಂತರು. ನಾನು ಎಷ್ಟೋ ಸಭೆ ನೋಡಿದ್ದೇನೆ, ಇಷ್ಟು ಏಕಾಗ್ರತೆಯ ಸಭೆಯನ್ನು ನೋಡಿಲ್ಲ. ಎಲುಬು ಮೊದಲು ಕಪ್ಪಾಯಿತು, ಆಮೇಲೆ ಬೂದಿಬಣ್ಣ, ಆಮೇಲೆ ಬೆಳ್ಳಗೆ. ಟಪ್ಪನೆ ಸಿಡಿದು ಎರಡಾಯಿತು. ಇನ್ನೊಮ್ಮೆ ಸಿಡಿಯಿತು. ಮಾಯಾ ಬೆನ್ನು ತಿರುಗಿಸಿ ನಿಂತಿದ್ದರು.

ಇದ್ದಲಿಯ ವಾಸನೆ ಬಿಟ್ಟರೆ ಏನೂ ಇಲ್ಲ.

ಕೊಟ್ರಪ್ಪ ಗಾಳೆಪ್ಪನಿಗೆ, ಹತ್ತಿರ ಹೋಗಿ ನೋಡಪ್ಪ ಎಂದ. ಗಾಳೆಪ್ಪ ಬಗ್ಗಿದ. ಬಹಳ ಹೊತ್ತು ಬಗ್ಗಿದ್ದ. ವಾಸನೆ ಬರಲಿ ಎಂದು ಕಾಯುತ್ತಿದ್ದಾನೋ, ಬಾರದಿರಲಿ ಎಂದು ಕಾಯುತ್ತಿದ್ದಾನೋ ತಿಳಿಯದಾಯಿತು.

“ಏನೂ ಇಲ್ಲ ಬಿಡ್ರಿ” ಎಂದು ಎದ್ದ.

ಜನ ಚದುರಿದರು. ತಪ್ಪಾಯಿತು ಎಂದು ಒಬ್ಬನೂ ಅನ್ನಲಿಲ್ಲ. ಮೋತಿಬಿ ಮಾಡಿಟ್ಟ ಚಹಾವನ್ನು ಮಾತ್ರ ಇಬ್ಬರು ಮೂವರು ಕುಡಿದರು. ಕುಡಿದದ್ದೇ ದೊಡ್ಡ ಉಪಕಾರ ಎಂಬ ಹಾಗೆ ಕಪ್ಪು ಕೆಳಗಿಟ್ಟರು. ಮರುದಿನದಿಂದ ಎತ್ತುಗಳು ಬಂದವು, ಏನೂ ಆಗಿಲ್ಲವೆಂಬಂತೆ. ಆಣೆಯ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ. ಶಂಕ್ರೆವ್ವನ ಬಸ್ಯಾನನ್ನು ಊರು ಮತ್ತೆ ಮರೆಯಿತು. ಉಸ್ಮಾನಸಾಬನ ಕೊರಳಿಗೆ ಕಟ್ಟಲಾಗದ ಮೇಲೆ ಆ ಎತ್ತು ಯಾರಿಗೂ ಬೇಡವಾಯಿತು. ಅದು ಇವತ್ತಿಗೂ ಸಿಕ್ಕಿಲ್ಲ. ಮುದುಕಿ ಒಬ್ಬಳೇ ಆಗಾಗ ಹಳ್ಳದ ಆಚೆ ಹೋಗಿ ಕೂಗಿ ಬರುತ್ತಾಳೆ.

ಇದೆಲ್ಲ ಯಾಕೆ ಮಾಡಿದೆ ಎಂದು ಗಾಳೆಪ್ಪನನ್ನು ನಾನು ದಾರಿಯಲ್ಲಿ ನಿಲ್ಲಿಸಿ ಕೇಳಿದೆ. ಅವನಿಗೆ ಸಿಟ್ಟೂ ಬರಲಿಲ್ಲ.

“ಕೇಳಿದ್ದು ತಪ್ಪೇನ್ರಿ? ಕೇಳಿದ್ದಕ್ಕ ಖರೆ ಹೊರಗ ಬಂತು. ಅವಂಗೂ ಛಲೋ ಆತು, ನಮಗೂ ಛಲೋ ಆತು.”

ಈ ಮಾತಿಗೆ ನನ್ನ ಹತ್ತಿರ ಉತ್ತರವಿದೆ, ಅಲ್ಲಿ ಹೇಳಲಾಗಲಿಲ್ಲ, ಇಲ್ಲಿ ಬರೆಯುತ್ತೇನೆ. ಗಾಳೆಪ್ಪ, ನಿನ್ನ ಬಣವೆಯ ಕೆಳಗೆ ಏನಿದೆ ಎಂದು ಈ ಊರು ಯಾವತ್ತಾದರೂ ಕೇಳಿದೆಯೇ? ಕೊಟ್ರಪ್ಪ ನೆಲದಡಿ ಕಾಳು ತುಂಬಿಡುವ ಹಗೇವು ತೆಗೆಸಿ ನೋಡಿದೆಯೇ? ನನ್ನ ಹಿತ್ತಲಿನಲ್ಲೂ ಎಷ್ಟೋ ಗುಡ್ಡೆಗಳಿವೆ, ಒಬ್ಬನೂ ತಾಡಪತ್ರಿ ಎತ್ತಿಲ್ಲ. ಕೇಳುವುದು ತಪ್ಪಲ್ಲ ಎಂದಾದರೆ ಸರತಿಯಂತೆ ಎಲ್ಲರನ್ನೂ ಕೇಳೋಣ. ಒಬ್ಬನ ಬಾಗಿಲಲ್ಲಿ ಮಾತ್ರ ನಮ್ಮ ಮೂಗು ಚುರುಕಾಗುವುದಾದರೆ ಅದನ್ನು ಖರೆ ಹುಡುಕುವುದು ಎನ್ನಬೇಡ, ಅದಕ್ಕೆ ಬೇರೆ ಹೆಸರಿದೆ. ಅವನು ಖರೆಯನ್ನು ಕಟ್ಟೆಯ ಮೇಲೆಯೇ ಹೇಳಿದ್ದ, ಹಳ್ಳದಲ್ಲಿ ಸಿಕ್ಕಿತು ಎಂದು. ಬೆಂಕಿ ಹೇಳಿದ್ದು ಅದಕ್ಕಿಂತ ಹೆಚ್ಚೇನಲ್ಲ.

ಉಳಿದ ಎಲುಬುಗಳನ್ನು ಮಾಯಾ ಹತ್ತಿಯಲ್ಲಿ ಸುತ್ತಿ ಗದಗಿಗೆ ಒಯ್ದರು. ಕೆಲವು ವಾರದ ನಂತರ ಮತ್ತೆ ಬಂದರು. ಅಂಥ ದವಡೆ ಸಿಕ್ಕ ಕಡೆ ತಲೆಬುರುಡೆಯೂ, ಕೊಂಬೂ ಇರುತ್ತವೆ, ಇಡೀ ಮೈಯೇ ಇದ್ದರೂ ಇರಬಹುದು ಎಂದು ಅವರ ಆಸೆ. ದಂಡೆಯಲ್ಲಿ ಎಲ್ಲಿ ಅಗೆದದ್ದು ಎಂದು ತೋರಿಸಿದರೆ ಸಾಕು. ನಾನೂ ಜೊತೆಗೆ ಹೋದೆ.

ಉಸ್ಮಾನಸಾಬ ಎತ್ತೊಂದನ್ನು ಕೆಡವಿದ್ದ. ಎತ್ತು ಗಾಳೆಪ್ಪನದು, ಕೊಂಬು ಹಿಡಿದವನೂ ಅವನೇ. ಮಾಯಾ ಕೇಳಿದ್ದನ್ನೆಲ್ಲ ಉಸ್ಮಾನಸಾಬ ತಲೆ ಬಗ್ಗಿಸಿಕೊಂಡೇ ಕೇಳಿದ. ಗೊರಸು ಕೆತ್ತುವುದನ್ನು ನಿಲ್ಲಿಸಲಿಲ್ಲ.

“ನೆನಪಿಲ್ರಿ ಅಕ್ಕೋರ” ಎಂದ.

ಮಾಯಾ ಬಿಡಲಿಲ್ಲ. ಹಳ್ಳದ ಈ ಮಗ್ಗಲೋ ಆ ಮಗ್ಗಲೋ, ಮರವೇನಾದರೂ ಇತ್ತೋ ಎಂದು ಕೇಳಿದರು. ಗಾಳೆಪ್ಪನಿಗೂ ತಡೆಯಲಾಗಲಿಲ್ಲ. “ಹೇಳ್ಲೇ ಉಸ್ಮಾನ್ಯಾ, ಅಷ್ಟ ದೂರದಿಂದ ಬಂದಾರ. ನಿನಗ ಗೊತ್ತೈತಿ.”

ಉಸ್ಮಾನಸಾಬ ಕೆತ್ತುವ ಕೈ ನಿಲ್ಲಿಸಿ ಮೊದಲ ಸಲ ತಲೆ ಎತ್ತಿದ. ನೋಡಿದ್ದು ಗಾಳೆಪ್ಪನನ್ನು.

“ನಾ ಹೇಳೂದು, ನೀವು ಅಗಿಯೂದು, ಅಲ್ಲಿ ಮತ್ತೇನರ ಬರೂದು. ಅದು ಯಾರದು, ಯಾವಾಗಿಂದು ಅಂತ ಮತ್ತ ನಾನ ಹೇಳಬೇಕು. ಬ್ಯಾಡ. ನನಗ ನೆನಪಿಲ್ಲ.”

ಮೊಳೆಯನ್ನು ಬಾಯಿಂದ ತೆಗೆದು ನಾಲಿನ ಮೇಲಿಟ್ಟು ಬಡಿದ. ನೆನಪಿದೆ ಎಂದು ನನಗೆ ಗೊತ್ತು. ಮಾಯಾ ಅವರಿಗೂ ಗೊತ್ತಾಯಿತು. ಇನ್ನು ಅವನನ್ನು ಕೇಳುವ ಹಕ್ಕು ನಮ್ಮಿಬ್ಬರಿಗೂ ಇದ್ದಂತೆ ಅನ್ನಿಸಲಿಲ್ಲ.

ಬಸ್ಸಿನ ಹೊತ್ತಿನವರೆಗೆ ನಾವೇ ಹಳ್ಳದ ದಂಡೆಗುಂಟ ನಡೆದೆವು. ಅಷ್ಟರಲ್ಲಿ ಹಿಂಗಾರಿ ಮಳೆ ಎರಡು ಸಲ ಹೊಡೆದಿತ್ತು. ದಂಡೆ ಅಲ್ಲಲ್ಲಿ ಕುಸಿದು, ಸಲಿಕೆಯ ಗುರುತು ಯಾವುದು, ನೀರಿನ ಗುರುತು ಯಾವುದು ಎಂದು ತಿಳಿಯುವಂತಿರಲಿಲ್ಲ. ಗರಸಿನ ರಾಶಿಗಳು ಕೆಳಗೆ ಹೊಳೆಯ ಕಡೆಗೆ ಸರಿದಿದ್ದವು. ಮಾಯಾ ಬಗ್ಗಿ ಬಗ್ಗಿ ನೋಡುತ್ತ ಬಹಳ ದೂರ ಹೋದರು. ಸೇತುವೆಯ ಮೇಲೆ ಬೈಕು ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದ ಒಬ್ಬ, ಏನು ಹುಡುಕುತ್ತಿದ್ದೀರಿ ಎಂದು ಕೂಗಿ ಕೇಳಿದ.

ಎತ್ತು ಎಂದೆ.

“ಯಾರದು?” ಎಂದ.